ನೀರು ಹಾಕುವ ಮೊದಲು ಐದು ನಿಮಿಷ

ಗಿಡಗಳ ಜೊತೆ ನಂಟು ಬೆಳೆಸಿಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ನೀರಿನ ಚೊಂಬು ಕೆಳಗಿಡಿ. ನೀರು ಹಾಕುವುದು ಒಂದು ಕೆಲಸ. ಅದನ್ನು ಮುಗಿಸುವ ಅವಸರದಲ್ಲಿ ಗಿಡ ಕಣ್ಣಿಗೇ ಬೀಳುವುದಿಲ್ಲ. ದಿನಾ ಐದು ನಿಮಿಷ ಸುಮ್ನೆ ನೋಡಿ. ನೀರಿನ ಯೋಚನೆ ಆಮೇಲೆ.

ಇರುವ ಎಲ್ಲ ಗಿಡ ಬೇಡ, ಒಂದನ್ನು ಆರಿಸಿಕೊಳ್ಳಿ. ನಿಮ್ಮದೇ ಆಗಬೇಕು ಅಂತಿಲ್ಲ, ರಸ್ತೆ ಬದಿಯ ಮರವೂ ಆದೀತು. ನನಗೆ ದಾಸವಾಳ ಅಂದರೆ ಪ್ರಾಣ. ಅದರ ಹೂವು ಸಾಮಾನ್ಯವಾಗಿ ಒಂದೇ ದಿನ ಇರುತ್ತದೆ. ಸುರುಳಿ ಸುತ್ತಿಕೊಂಡ ಮೊಗ್ಗು ನಾಳೆ ಬಿರಿಯುತ್ತದೋ ನಾಡಿದ್ದೋ ಅಂತ ಊಹಿಸಿ ಮಲಗಿದರೆ, ಬೆಳಗ್ಗೆ ತಾನಾಗಿಯೇ ಕಾಲು ಅತ್ತ ಹೋಗುತ್ತದೆ.

ಹೊತ್ತು ಮಾತ್ರ ದಿನಾ ಒಂದೇ ಇರಲಿ, ಫೋನ್ ಒಳಗೇ ಇರಲಿ. ಬೆಳಗ್ಗೆ ಬೇಗ ಹೋದರೆ ಕೆಸುವಿನ ಎಲೆಯ ತುದಿಯಲ್ಲಿ ನೀರಿನ ಹನಿ ಕಾಣಬಹುದು. ಅದು ಇಬ್ಬನಿ ಇರಲಿಕ್ಕಿಲ್ಲ. ಇಬ್ಬನಿ ಎಲೆಯ ಮೇಲೆಲ್ಲ ಹರಡಿರುತ್ತದೆ. ತುದಿಯಲ್ಲೋ ಅಂಚಿನಲ್ಲೋ ಮಾತ್ರ ಹನಿ ನಿಂತಿದ್ದರೆ, ರಾತ್ರಿಯಿಡೀ ಬೇರು ಹೀರಿದ ನೀರು ಒತ್ತಡಕ್ಕೆ ಮೇಲೇರಿ ಅಲ್ಲಿನ ಸಣ್ಣ ರಂಧ್ರದಿಂದ ಹೊರಬಂದಿದೆ ಅಂತ ಅರ್ಥ. ನಾವು ನಿದ್ದೆ ಮಾಡುವಾಗಲೂ ಗಿಡ ಸುಮ್ಮನೆ ಕೂತಿರಲಿಲ್ಲ, ಅಲ್ವಾ?

ಆಮೇಲೆ ಎಲೆ ತಿರುವಿ ಅಡಿಭಾಗ ನೋಡಿ. ಹೆಚ್ಚಿನ ಸುದ್ದಿ ಇರುವುದು ಅಲ್ಲೇ. ದಾಸವಾಳದ ಕೊಂಬೆಯಲ್ಲಿ ಇರುವೆ ಸಾಲುಗಟ್ಟಿದ್ದರೆ ಅದರ ಹಿಂದೆಯೇ ಕಣ್ಣು ಓಡಿಸಿ. ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಗಂಟು ಸಿಗಬಹುದು. ಅದು ಹಿಟ್ಟು ತಿಗಣೆ. ಅದು ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಬರುವುದು ಆ ಅಂಟಿಗೆ. ಸ್ವಲ್ಪವೇ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಇನ್ನು ಕಣ್ಣು ಮುಚ್ಚಿ ಮುಟ್ಟುವುದು. ನನಗೆ ತುಂಬ ಇಷ್ಟವಾದ ಅಭ್ಯಾಸ ಇದು. ತುಳಸಿ ಅಥವಾ ಪುದೀನದ ಎಳೆ ಕಾಂಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹೊರಳಿಸಿ. ದುಂಡಗಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ, ಮೇಲಿನ ಜೋಡಿ ಕೆಳಗಿನದಕ್ಕೆ ಅಡ್ಡಲಾಗಿ. ಹಾಗಾಗಿ ಕೆಳಗಿನ ಎಲೆಗೆ ನೆರಳು ಕಡಿಮೆ. ವರ್ಷಗಟ್ಟಲೆ ತುಳಸಿ ಬೆಳೆಸಿದವರೂ ಎಷ್ಟೋ ಜನ ಇದನ್ನು ಗಮನಿಸಿರುವುದಿಲ್ಲ. ಆದರೆ ಕಣಗಿಲೆಯಂಥ ವಿಷದ ಗಿಡ, ಹಾಲು ಸೋರುವ ಗಿಡಗಳನ್ನು ಕಣ್ಣಲ್ಲೇ ನೋಡಿ. ಮುಟ್ಟಿದರೆ ಕೈ ತೊಳೆಯಿರಿ.

ಆಗಾಗ ಸಂಜೆಯೂ ಒಮ್ಮೆ ಹೋಗಿ. ಮುಟ್ಟಿದರೆ ಮುನಿ ಗಿಡ ಕತ್ತಲಾದಾಗ ತಾನೇ ಎಲೆ ಮಡಚುತ್ತದೆ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೈರಾನ್ ಇಂಥದೇ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬೆಳಕೇ ಇಲ್ಲದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚಿ ಮುಚ್ಚುತ್ತಿತ್ತು. ಗಿಡಕ್ಕೆ ಅದರದ್ದೇ ಗಡಿಯಾರ ಇದೆ. ನಮ್ಮ ಅವಸರಕ್ಕೆ ಅದು ಕುಣಿಯುವುದಿಲ್ಲ.

ಕಂಡದ್ದನ್ನು ಒಂದು ಸಾಲು ಬರೆದಿಡಿ. "ಚೆನ್ನಾಗಿದೆ" ಅಂತ ಬೇಡ. "ಮೂರನೇ ಎಲೆಯ ಅಂಚು ಒಣಗಿದೆ" ಅಂತ ಬರೆಯಿರಿ.

ಈಗ ನೀರು. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಳಗೆ ತೇವ ಇದ್ದರೆ ಇವತ್ತು ಬೇಡ. ಪ್ರೀತಿ ಜಾಸ್ತಿಯಾಗಿ ನೀರು ಹಾಕಿ ಹಾಕಿಯೇ ಕುಂಡದ ಗಿಡಗಳು ಎಷ್ಟೋ ಸಾಯುತ್ತವೆ, ಏಕೆಂದರೆ ಬೇರಿಗೂ ಗಾಳಿ ಬೇಕು.

ಒಂದು ವೇಳೆ ಗಿಡ ಸತ್ತರೆ ಬೇಸರದಲ್ಲಿ ಹಾಗೇ ಎಸೆಯಬೇಡಿ. ಕುಂಡದಿಂದ ಎತ್ತಿ ಬೇರು ನೋಡಿ. ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕೊಳೆತ ವಾಸನೆ ಬಂದರೆ ನೀರು ನಿಂತಿತ್ತು ಅಂತ ತಿಳಿಯಿರಿ. ಮುಂದಿನ ಗಿಡ ನೆಡುವ ಮೊದಲು ಕುಂಡದ ತಳದ ತೂತಿಗೆ ಕಡ್ಡಿ ಹಾಕಿ ಬಿಡಿಸಿ, ಮಣ್ಣು ಬದಲಿಸಿ.