ಕಾರ್ಟೂನ್ ಪಾತ್ರದ ಬಾಯಲ್ಲಿ ಕನ್ನಡ ಆಡಿಸುವ ಬಗೆ

ಅನಿಮೇಷನ್ ಕಲಿಯಲು ಹೊರಟವರು ಮೊದಲ ತಿಂಗಳನ್ನು ಸಾಫ್ಟ್‌ವೇರ್ ಹುಡುಕುವುದರಲ್ಲೇ ಕಳೆದುಬಿಡುತ್ತಾರೆ. ಇಟಲಿಯಲ್ಲಿ ಹುಟ್ಟಿ ಜಪಾನಿನ ಘಿಬ್ಲಿ ಅನಿಮೇಷನ್ ಸ್ಟುಡಿಯೋದಲ್ಲಿ ಬಳಕೆಯಾದ ಟೂನ್ಜ್ ಎಂಬ ಸಾಫ್ಟ್‌ವೇರ್, 2016ರಲ್ಲಿ ಓಪನ್‌ಟೂನ್ಜ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು; ಅದೇ ವರ್ಷ ಚಿತ್ರ ಬರೆಯುವ ಉಚಿತ ಸಾಫ್ಟ್‌ವೇರ್ ಕ್ರಿಟಾದ 3.0 ಆವೃತ್ತಿಗೂ ಅನಿಮೇಷನ್ ಸೌಲಭ್ಯ ಸೇರಿತು. ಕಾಗದದ ಮೇಲೆ ಚಿತ್ರ ಬರೆದು ರೂಢಿಯಿರುವವರಿಗೆ ಕ್ರಿಟಾ ಬೇಗ ಕೈಗೆ ಹತ್ತುತ್ತದೆ ಎಂಬುದು ನನ್ನ ಅನುಭವವಾದ್ದರಿಂದ ಇಲ್ಲಿ ಅದನ್ನೇ ಹಿಡಿದಿದ್ದೇನೆ.

ಹೊಸ ಕಡತದಲ್ಲಿ ಸೆಕೆಂಡಿಗೆ 24 ಫ್ರೇಮ್ (ಒಂದರ ಹಿಂದೊಂದು ಬರುವ ಚಿತ್ರದ ಚೌಕಟ್ಟು) ಇರುವಂತೆ ನೋಡಿಕೊಳ್ಳಿ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಹಿಂದಿನ ಮುಂದಿನ ಚಿತ್ರಗಳು ಮಸುಕಾಗಿ ಕಾಣುವಂತೆ ಮಾಡುವ ಆನಿಯನ್ ಸ್ಕಿನ್ ಅನ್ನು, ಪದರದ (ಲೇಯರ್) ಪಕ್ಕದ ಬಲ್ಬ್ ಗುರುತನ್ನು ಒತ್ತಿ ಚಾಲೂ ಮಾಡಿಕೊಳ್ಳಿ. ಪುಟಿಯುವ ಚೆಂಡನ್ನು ಒಂದು ವಾರ ಬರೆದು, ನೆಲದ ಹತ್ತಿರ ಚಿತ್ರಗಳ ನಡುವಿನ ಅಂತರ ಹಿಗ್ಗುವುದನ್ನೂ ಮೇಲೆ ಕುಗ್ಗುವುದನ್ನೂ ಕೈಗೆ ಕಲಿಸಿದ ಮೇಲೆಯೇ ಮುಖಕ್ಕೆ ಬನ್ನಿ.

ಮಾತಿನ ಕೆಲಸ ಧ್ವನಿಯಿಂದ ಆರಂಭವಾಗುತ್ತದೆ. “ಅಮ್ಮ ಬಂದಳು” ಎಂದು ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ, ಫ್ರೇಮುಗಳು ಸಾಲಾಗಿ ಕಾಣುವ ಟೈಮ್‌ಲೈನಿಗೆ ತಂದು, ಬಾಯಿಗೆಂದೇ ಬೇರೆ ಪದರ ಇಟ್ಟುಕೊಳ್ಳಿ. ಬಾಯಿಯ ಏಳು ಆಕಾರಗಳು ಸಾಕಾಗುತ್ತವೆ: “ಪ, ಬ, ಮ” ಅಕ್ಷರಗಳಿಗೆ ಮುಚ್ಚಿದ ತುಟಿ; “ವ, ಫ” ಅಕ್ಷರಗಳಿಗೆ ಹಲ್ಲಿಗೆ ತಾಗುವ ಕೆಳತುಟಿ; ಹ್ರಸ್ವ “ಅ”ಗೆ ಅರೆತೆರೆದ ಬಾಯಿ; ದೀರ್ಘ “ಆ”ಗೆ ಪೂರ್ತಿ ತೆರೆದದ್ದು; “ಇ, ಎ” ಸ್ವರಗಳಿಗೆ ಅಗಲ; “ಉ, ಒ” ಸ್ವರಗಳಿಗೆ ದುಂಡು; “ತ, ದ, ನ, ಲ” ಅಕ್ಷರಗಳಿಗೆ ಹಲ್ಲಿನ ಹಿಂದೆ ಕಾಣುವ ನಾಲಿಗೆ. ಟ, ಡ, ಣ, ಳ ಉಚ್ಚರಿಸುವಾಗ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳುವುದರಿಂದ ಹೊರಗಿನವರಿಗೆ ಕಾಣುವುದಿಲ್ಲ; ಅವಕ್ಕೆ ಅರೆತೆರೆದ ಬಾಯಿಯೇ ಆದೀತು.

ಇಂಗ್ಲಿಷ್ ಮಾತಿಗೆಂದು ಮಾಡಿದ ಬಾಯಿಯ ಆಕಾರಗಳ ಪಟ್ಟಿಗಳನ್ನು ಹಾಗೆಯೇ ಎತ್ತಿಕೊಂಡರೆ ಎಡವುವುದು ಒತ್ತಕ್ಷರದಲ್ಲಿ. ನನ್ನ ಒಂದು ರೆಕಾರ್ಡಿಂಗಿನಲ್ಲಿ “ಅಮ್ಮ” ಹನ್ನೆರಡು ಫ್ರೇಮ್ ಹಿಡಿದಿತ್ತು: ಮೊದಲ ಅಕಾರಕ್ಕೆ ಮೂರು, ತುಟಿ ಮುಚ್ಚಿದ “ಮ್ಮ್”ಗೆ ಐದು, ಕೊನೆಯ ಅಕಾರಕ್ಕೆ ನಾಲ್ಕು. ಆ ಐದನ್ನು ಎರಡಕ್ಕೆ ಇಳಿಸಿದಾಗ ಪಾತ್ರವು “ಅಮ” ಎಂದು ತೊದಲಿದಂತೆ ಕಂಡಿತು. ಬಾಯಿಯ ಪದರವನ್ನು ಒಂದೊಂದೇ ಫ್ರೇಮಿಗೆ ಬದಲಿಸಬೇಕಾಗಿ ಬರುವುದು ಇಂಥಲ್ಲಿಯೇ.

ಲಿಪಿಯನ್ನು ನಂಬಬೇಡಿ, ಕಿವಿಯನ್ನು ನಂಬಿ. “ಬಂದಳು” ಎಂಬಲ್ಲಿ ಸೊನ್ನೆ ನಕಾರವಾದ್ದರಿಂದ ಬಾಯಿ ತೆರೆದೇ ಇರುತ್ತದೆ. “ಕಂಬ” ಎಂಬಲ್ಲಿ ಅದೇ ಸೊನ್ನೆ ಮಕಾರವಾಗಿ ತುಟಿ ಕೂಡುತ್ತದೆ. ಕಾಗದದ ಮೇಲೆ ಬರೆದ ಸಂಭಾಷಣೆಯನ್ನು ನೋಡಿಕೊಂಡು ಚಿತ್ರ ಜೋಡಿಸುವವರು ಇಲ್ಲಿ ತಪ್ಪದೆ ಮೋಸಹೋಗುತ್ತಾರೆ.

ಮುಚ್ಚಿದ ತುಟಿ ಧ್ವನಿಗಿಂತ ಒಂದೆರಡು ಫ್ರೇಮ್ ಮೊದಲೇ ಬರಲಿ; ಹುಬ್ಬು ಮತ್ತು ತಲೆಯ ಚಲನೆ ಅದಕ್ಕೂ ಸ್ವಲ್ಪ ಮುಂಚೆ ಶುರುವಾಗಲಿ. ಬಾಯಿ ಮಾತ್ರ ಆಡುವ ಮುಖ ಗೊಂಬೆಯಂತೆ ಕಾಣುತ್ತದೆ. ಎಲ್ಲ ಮುಗಿದ ಮೇಲೆ ರೆಂಡರ್ ಮಾಡಿ, ಅಂದರೆ ವಿಡಿಯೋ ಕಡತವಾಗಿ ಹೊರತೆಗೆದು, ಧ್ವನಿಯನ್ನು ಪೂರ್ತಿ ಅಡಗಿಸಿ, ಈ ಕೆಲಸದ ಗಂಧವೇ ಇಲ್ಲದ ಮನೆಯವರೊಬ್ಬರಿಗೆ ತೋರಿಸಿ. “ಅಮ್ಮ” ಎಂಬುದು ಅವರಿಗೆ ಗೊತ್ತಾಗದಿದ್ದರೆ, ಮುಚ್ಚಿದ ತುಟಿಗೆ ಇನ್ನೊಂದು ಫ್ರೇಮ್ ಸೇರಿಸಿ ಮತ್ತೆ ತೋರಿಸಿ.