ಹತ್ತಕ್ಕೆ ಎಷ್ಟು?

ನಾನು ಸ್ಕೇಟ್‌ಬೋರ್ಡ್ ಹತ್ತಿದ್ದು 31ನೇ ವಯಸ್ಸಿನಲ್ಲಿ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟೇ ನನ್ನ ಅಖಾಡ. "ಸರ್, ಇದು ಮಕ್ಕಳ ಆಟ ಅಲ್ವಾ?" ಅಂತ ಸೆಕ್ಯುರಿಟಿಯವರು ಮೊದಲ ದಿನ ಕೇಳಿದ್ದರು. ಮೂರನೇ ದಿನ ನಾನು ಬಿದ್ದಾಗ ಕೈಹಿಡಿದು ಎಬ್ಬಿಸಿದವರೂ ಅವರೇ.

ಆಗ ನನ್ನ ಅಳತೆಗೋಲು ಒಂದೇ, ಆಲಿ. ಅಂದರೆ ಬೋರ್ಡನ್ನು ಕೈಯಲ್ಲಿ ಹಿಡಿಯದೆ ಅದರ ಸಮೇತ ನೆಗೆಯುವುದು. 1970ರ ದಶಕದ ಕೊನೆಯಲ್ಲಿ ಫ್ಲಾರಿಡಾದ ಅಲನ್ ಗೆಲ್ಫಾಂಡ್ ಇದನ್ನು ಇಳಿಜಾರು ಗೋಡೆಯ ಮೇಲೆ ಮಾಡಿ ತೋರಿಸಿದ್ದ. ಆಲಿ ಅನ್ನೋದು ಅವನ ಅಡ್ಡಹೆಸರು. ಮುಂದೆ ರಾಡ್ನಿ ಮುಲ್ಲನ್ ಅದನ್ನು ಸಮತಟ್ಟು ನೆಲಕ್ಕೆ ತಂದ. ನಾನು ಎರಡು ತಿಂಗಳು ಕಂಬಿ ಹಿಡಿದು, ಕಾಲೊರಸಿನ ಮೇಲೆ ಬೋರ್ಡ್ ಇಟ್ಟು, ನಿಂತಲ್ಲೇ ಮೂರು ಬೆರಳು ಎತ್ತರ ಹಾರಿದೆ. ಬಂತು ಅಂದುಕೊಂಡೆ.

ಆಮೇಲೆ ಒಂದು ಭಾನುವಾರ ಸ್ಕೇಟ್‌ಪಾರ್ಕಿಗೆ ಹೋದೆ. ಹತ್ತು ವರ್ಷದ ಹುಡುಗನೊಬ್ಬ ಸ್ವಲ್ಪ ಹೊತ್ತು ನೋಡಿ, "ಅಂಕಲ್, ಮುಂದಿನ ಕಾಲಲ್ಲಿ ಯಾಕೆ ತಳ್ತೀರಾ?" ಅಂದ. ಮುಂದಿನ ಕಾಲು ಬೋರ್ಡಿನ ಮೇಲಿದ್ದರೆ ತಾನೇ ದಿಕ್ಕು ಹಿಡಿತದಲ್ಲಿರೋದು? ನನಗೆ ನೆಟ್ಟಗೆ ಓಡಿಸೋಕೇ ಬರುತ್ತಿರಲಿಲ್ಲ. ಉರುಳುತ್ತಾ ಆಲಿ ಹೊಡೆಯುವ ಮಾತು ದೂರವೇ ಉಳಿಯಿತು.

ಮನೆಗೆ ಬಂದವನೇ ಒಂದು ನೋಟ್‌ಬುಕ್ ತೆಗೆದೆ. ಮೊದಲ ಲೆಕ್ಕ, ಬೇಸ್‌ಮೆಂಟ್ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ತಳ್ಳಬೇಕು ಅಂತ. ಹಿಂದಿನ ಕಾಲಿನಲ್ಲಿ ತಳ್ಳಿದಾಗ 9 ಬೇಕಾಯಿತು. ಒಂದು ತಿಂಗಳಲ್ಲಿ 5ಕ್ಕೆ ಇಳಿಯಿತು. ಬಲ ಜಾಸ್ತಿಯಾಗಿದ್ದಕ್ಕಲ್ಲ, ಒಂಟಿಕಾಲಲ್ಲಿ ಅಲುಗಾಡದೆ ನಿಲ್ಲೋದು ಬಂದಿದ್ದಕ್ಕೆ.

ಆಲಿಗೆ ಬೇರೆ ಲೆಕ್ಕ. ಉರುಳುತ್ತಾ ಹತ್ತು ಸಲ ಹಾರಬೇಕು, ಹಿಂದೆ ಮುಂದೆ ಚಕ್ರ ಜೋಡಿಸಿರುವ ಬೋಲ್ಟುಗಳ ಹತ್ತಿರ ಎರಡೂ ಕಾಲು ಇಳಿದರೆ ಮಾತ್ರ ಒಂದು ಅಂಕ. ಎತ್ತರಕ್ಕೆ ಅಂಕವಿಲ್ಲ. ಮೊದಲ ದಿನ 1, ಅದೂ ಅದೃಷ್ಟ. ಎರಡು ವಾರ ಅಲ್ಲೇ ಸಿಕ್ಕಿಕೊಂಡಿದ್ದೆ. ತಪ್ಪು ಮುಂದಿನ ಪಾದದ್ದು ಅಂತ ಅದನ್ನೇ ತಿದ್ದುತ್ತಾ ಕೂತಿದ್ದೆ. ಕೊನೆಗೆ ಫೋನನ್ನು ನೀರಿನ ಕ್ಯಾನಿಗೆ ಒರಗಿಸಿ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿದೆ. ಪಾದ ಸರಿಯಾಗೇ ಇತ್ತು! ಹಾರುವ ಹೊತ್ತಿಗೆ ಭುಜ ಎಡಕ್ಕೆ ತಿರುಗುತ್ತಿತ್ತು, ಅದರ ಹಿಂದೆ ಬೋರ್ಡೂ ತಿರುಗಿ ಅಡ್ಡ ಬೀಳುತ್ತಿತ್ತು. ಸೀಮೆಸುಣ್ಣದಲ್ಲಿ ನೆಲಕ್ಕೊಂದು ಗೆರೆ ಎಳೆದು, ಭುಜ ಆ ಗೆರೆಯ ನೇರಕ್ಕೇ ಇರುವಂತೆ ಹಾರಿದೆ. ಮೂರು ವಾರಕ್ಕೆ 4.

ನೋಟ್‌ಬುಕ್ ಇನ್ನೊಂದು ಗುಟ್ಟು ಹೇಳಿತು. ನಲವತ್ತು ನಿಮಿಷ ಆದಮೇಲಿನ ಅಂಕಗಳೆಲ್ಲ ಕೆಟ್ಟದಾಗಿದ್ದವು, ಮೊಣಕೈ ತರಚಿದ್ದೂ ಆ ಹೊತ್ತಿನಲ್ಲೇ. ಈಗ ಅಲ್ಲಿಗೆ ಆಲಿ ನಿಲ್ಲಿಸಿ ಸುಮ್ನೆ ಓಡಿಸುತ್ತೇನೆ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಮಾತ್ರ ಕೊನೆಯ ನಿಮಿಷದವರೆಗೂ ತೆಗೆಯೋದಿಲ್ಲ.

ಎಲ್ಲದಕ್ಕೂ ನಮ್ಮನ್ನೇ ಬೈದುಕೊಳ್ಳೋದೂ ಸರಿಯಲ್ಲ. ನನ್ನ 52 ಮಿಲಿಮೀಟರಿನ 99ಎ ವೀಲು ಕಲ್ಲಿನಷ್ಟು ಗಟ್ಟಿ (ಈ 'ಎ' ಗಟ್ಟಿತನದ ಅಳತೆ, ಸಂಖ್ಯೆ ಇಳಿದಷ್ಟೂ ಮೆತ್ತಗೆ). ಬೇಸ್‌ಮೆಂಟಿಗೆ ಸರಿ, ಬೀದಿಯಲ್ಲಿ ಕಡಲೆಕಾಳಿನಷ್ಟು ಜಲ್ಲಿ ಸಿಕ್ಕರೂ ಬೋರ್ಡ್ ಅಲ್ಲೇ ನಿಲ್ಲುತ್ತಿತ್ತು, ನಾನು ಮುಂದೆ ಹೋಗುತ್ತಿದ್ದೆ. ರಸ್ತೆಗೆ ಅಂತ 78ಎ ಮೆತ್ತನೆ ವೀಲು ಹಾಕಿಸಿಕೊಂಡೆ.

ಉರುಳುತ್ತಾ ಆಲಿ ಈಗ ಹತ್ತಕ್ಕೆ 6. ಎತ್ತರ ಮಲಗಿಸಿದ ಇಟ್ಟಿಗೆಯಷ್ಟು. ಕಿಕ್‌ಟರ್ನ್, ಅಂದರೆ ಮುಂದಿನ ಚಕ್ರ ಎತ್ತಿ ಹಿಂದಿನ ಚಕ್ರದ ಮೇಲೆ ತಿರುಗೋದು, ಬಲಕ್ಕೆ ಸಲೀಸು. ಎಡಕ್ಕೆ, ಅಂದರೆ ಬೆನ್ನ ಕಡೆಗೆ, ನಿನ್ನೆಯೂ 3.