ಸ್ಪೇನ್‌ನಲ್ಲಿ ದೊಡ್ಡ ಊಟ ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ
ಸ್ಪೇನ್‌ನಲ್ಲಿ ಆಯಾ ಸೀಮೆಯ ಅಡುಗೆ ಉಣ್ಣಬೇಕೆಂದರೆ ವಾರದ ದಿನ ಮಧ್ಯಾಹ್ನ ಎರಡರ ಹೊತ್ತಿಗೆ, ಬಾಗಿಲಲ್ಲಿ 'ಮೆನು ದೆಲ್ ದಿಯಾ' (ಅಂದರೆ ಆ ದಿನದ ಊಟ) ಅನ್ನೋ ಹಲಗೆ ಇರುವ ಹೋಟೆಲಿಗೆ ನುಗ್ಗಿ. ಕೈಬರಹದ ಹಲಗೆಯಾದರೆ ಇನ್ನೂ ಒಳ್ಳೇದು. ಒಂದೇ ದರಕ್ಕೆ ಎರಡು ಬಗೆಯ ಅಡುಗೆ, ಬ್ರೆಡ್ಡು, ಸಿಹಿ ಅಥವಾ ಕಾಫಿ, ಬಹಳ ಕಡೆ ವೈನೂ ಸೇರಿರುತ್ತೆ. ಅಲ್ಲಿ ಉಣ್ಣುವವರು ಹೆಚ್ಚಾಗಿ ಅಕ್ಕಪಕ್ಕದ ಕೆಲಸಗಾರರು, ದಿನಾ ಬರುವವರು. ಅದಕ್ಕೇ ಆಸ್ತೂರಿಯಾಸ್‌ನಲ್ಲಿ ಬಿಳಿ ಬೀನ್ಸಿನ ಫಬಾದಾ, ಗಲೀಸಿಯಾದಲ್ಲಿ ಸೊಪ್ಪು-ಆಲೂಗಡ್ಡೆಯ ಕಾಲ್ದೊ ಸೂಪು, ಹೀಗೆ ಮನೆಯಡುಗೆಯಂಥದ್ದೇ ಸಿಗುತ್ತೆ. ರಾತ್ರಿ ಹೊತ್ತು, ಭಾನುವಾರ ಈ ಉಪಾಯ ಸಾಮಾನ್ಯವಾಗಿ ನಡೆಯಲ್ಲ. ಸಸ್ಯಾಹಾರಿಗಳಿಗಂತೂ ಕಷ್ಟ: ನಮ್ಮ ಬೇಳೆ ಸಾರಿನಂತೆ ಕಾಣುವ ಲೆಂತೇಹಾಸ್‌ನಲ್ಲೂ ಹಂದಿ ಮಾಂಸದ ಚೊರೀಸೊ ತುಂಡು ತೇಲುತ್ತಿರುತ್ತೆ, ಬರೀ 'ಮಾಂಸ ಬೇಡ' ಅಂದರೆ ಸಲಾಡಿಗೆ ಟ್ಯೂನಾ ಮೀನು ಹಾಕಿ ತಂದುಬಿಡಬಹುದು.